ಹೆರಿಗೆಗೆ ಮುಂಚೆ ಹಾಲೂಡಿಸುವ ಸಾಮಾನು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನನಗೀಗ ಎಂಟನೇ ತಿಂಗಳು, ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಅತ್ತಿಗೆ ಒಂದು ಪಟ್ಟಿ ಕಳುಹಿಸಿದ್ದಾರೆ: ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್, ಆರು ಬಾಟಲಿ, ಸ್ಟೆರಿಲೈಸರ್, ನಿಪ್ಪಲ್ ಶೀಲ್ಡ್ (ಮೊಲೆತೊಟ್ಟಿನ ಮೇಲೆ ಕೂರಿಸುವ ಸಿಲಿಕಾನ್ ಕವಚ), ಕ್ರೀಮ್, ಹಾಲೂಡಿಸುವ ದಿಂಬು, ಯಾವುದಕ್ಕೂ ಇರಲಿ ಎಂದು ಒಂದು ಡಬ್ಬ ಪುಡಿ ಹಾಲು. ಹೆರಿಗೆಗೆ ಮುಂಚೆ ಮಗುವಿನ ಹೆಸರಲ್ಲಿ ಒಂದು ಚೂರು ಬಟ್ಟೆಯನ್ನೂ ತರಬಾರದು ಎನ್ನುತ್ತಾರೆ ಅಮ್ಮ. ರಜೆ ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಬೇಕು. ಯಾರ ಮಾತು ಕೇಳಲಿ?

ಉತ್ತರ: ಈ ಪಟ್ಟಿಯಲ್ಲಿ ಹೆರಿಗೆಗೆ ಮುಂಚೆ ದುಡ್ಡು ಕೊಟ್ಟು ತರಬೇಕಾದದ್ದು ಒಂದೂ ಇಲ್ಲ. ದಿಂಬು ಬೇಕು, ಅದು ನಿಮ್ಮ ಮನೆಯಲ್ಲೇ ಇದೆ. ಹಾಗಾಗಿ ಈ ತಿಂಗಳ ಮಟ್ಟಿಗೆ ಗೆದ್ದವರು ನಿಮ್ಮ ಅಮ್ಮ. ದೃಷ್ಟಿ, ಶಕುನಗಳ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಹಾಲೂಡಿಸುವ ಸಾಮಾನಿನಲ್ಲಿ ಹೆಚ್ಚಿನವುಗಳ ಅಳತೆಯೂ ಅಗತ್ಯವೂ ಹೆರಿಗೆಯಾದ ಮೇಲೆಯೇ ಗೊತ್ತಾಗುತ್ತವೆ. ಈಗ ಕೊಂಡರೆ ಊಹೆಯ ಮೇಲೆ ಕೊಂಡಂತೆ.

ಮೊದಲ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗ ಬರುವುದು ಹಳದಿ ಬಣ್ಣದ, ಅಂಟಂಟಾದ ಗಿಣ್ಣದ ಹಾಲು. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಹೆಚ್ಚುಕಡಿಮೆ 2ರಿಂದ 10 ಮಿಲಿಲೀಟರ್, ಅಂದರೆ ಒಂದೆರಡು ಚಮಚಕ್ಕಿಂತ ಹೆಚ್ಚಿಲ್ಲ. ಇಷ್ಟು ಗಟ್ಟಿಯಾದ, ಇಷ್ಟು ಕಡಿಮೆ ಹಾಲನ್ನು ಪಂಪಿನಲ್ಲಿ ಎಳೆದರೆ ಅರ್ಧ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಖಾಲಿ ಬಾಟಲಿ ನೋಡಿದ ಬಾಣಂತಿ ‘ನನಗೆ ಹಾಲೇ ಇಲ್ಲ’ ಎಂದು ಕಣ್ಣೀರು ಹಾಕುತ್ತಾಳೆ, ಪಕ್ಕದಲ್ಲಿದ್ದವರು ಡಬ್ಬ ತರಲು ಓಡುತ್ತಾರೆ. ಹಾಲು ತುಂಬಿಕೊಂಡು ಇಳಿಯುವುದು ಸಾಮಾನ್ಯವಾಗಿ ಮೂರನೇ ದಿನದಿಂದ ಐದನೇ ದಿನದೊಳಗೆ. ಅಲ್ಲಿಯವರೆಗೆ ಗಿಣ್ಣದ ಹಾಲೇ ಸಾಕು.

ಇನ್ನು ಪಂಪಿನ ಅಳತೆ. ಎದೆಗೆ ಕೂರುವ ಅದರ ಲಾಳಿಕೆ ಮೊಲೆತೊಟ್ಟಿನ ಅಗಲಕ್ಕೆ ಸರಿಹೊಂದಬೇಕು. ಅನೇಕ ಪಂಪುಗಳ ಜೊತೆ ಬರುವುದು 24 ಮಿಲಿಮೀಟರಿನದು. ಅದು ಎಲ್ಲರಿಗೂ ಹೊಂದುವುದಿಲ್ಲ, ಗರ್ಭದಲ್ಲಿದ್ದಾಗಿನ ಅಳತೆ ಹಾಲು ಇಳಿದ ಮೇಲೆ ಇರುವುದೂ ಇಲ್ಲ. ಲಾಳಿಕೆ ಹೊಂದದಿದ್ದರೆ ತೊಟ್ಟು ಉಜ್ಜಿ ಗಾಯವಾಗುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಸಾಲದ್ದಕ್ಕೆ ವಾರಂಟಿ ಕೊಂಡ ದಿನದಿಂದಲೇ ಓಡತೊಡಗುತ್ತದೆ. ಪಂಪ್ ಮಾತ್ರ ಪೆಟ್ಟಿಗೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ.

ನಿಮಗೆ ಪಂಪ್ ಬೇಕಾಗಬಹುದು, ಆದರೆ ಯಾವಾಗ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಾದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಸಿಗುತ್ತದೆ. ಅದರಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುಂಚೆ ಬಳಸಬಹುದು. ನೀವು 4 ವಾರ ಮೊದಲೇ ರಜೆ ಹಾಕಿದ್ದರೂ ಹೆರಿಗೆಯ ನಂತರ 22 ವಾರ, ಅಂದರೆ ಐದು ತಿಂಗಳು ಉಳಿಯುತ್ತದೆ. ಕೆಲಸಕ್ಕೆ ಮರಳುವ ಮೂರು ನಾಲ್ಕು ವಾರ ಮುಂಚೆ ಪಂಪ್ ಕೊಂಡು ಅಭ್ಯಾಸ ಮಾಡಿಕೊಂಡರೆ ಸಾಕು. 50 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂಬ ನಿಯಮವೂ ಅದೇ ತಿದ್ದುಪಡಿಯಿಂದ ಬಂದದ್ದು. ಆ ಸೌಲಭ್ಯ ನಿಮ್ಮಲ್ಲಿದೆಯೇ, ಹಾಲು ತೆಗೆಯಲು ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆಯಿದೆಯೇ ಎಂದು ಈಗಲೇ ಕಚೇರಿಯಲ್ಲಿ ವಿಚಾರಿಸಿ. ಕೈ ಪಂಪ್ ಸಾಕೋ, ಎರಡೂ ಕಡೆ ಒಟ್ಟಿಗೆ ಎಳೆಯುವ ಎಲೆಕ್ಟ್ರಿಕ್ ಪಂಪ್ ಬೇಕೋ ಎಂಬುದು ಆ ಉತ್ತರದ ಮೇಲೆ ನಿಂತಿದೆ. ಅತ್ತಿಗೆಯ ಹಳೆಯ ಪಂಪ್ ಸಿಗುವುದಾದರೆ ಒಂದು ಎಚ್ಚರಿಕೆ: ಹಾಲು ಮೋಟಾರಿನ ಕಡೆಗೆ ನುಗ್ಗದಂತೆ ತಡೆಯಿಲ್ಲದ ಪಂಪನ್ನು ಇನ್ನೊಬ್ಬರು ಬಳಸಬಾರದು. ತಡೆಯಿರುವ ಪಂಪಾದರೂ ಲಾಳಿಕೆ, ಕೊಳವೆ, ಕವಾಟಗಳನ್ನು ಹೊಸದಾಗಿ ತರಿಸಬೇಕು.

ಅಲ್ಲಿಯವರೆಗೆ ಎದೆ ಕಟ್ಟಿಕೊಂಡರೆ? ಅದಕ್ಕೆ ಕೈ ಇದೆ. ಹೆರಿಗೆಗೆ ಮುಂಚೆ ಒಂದು ವಿದ್ಯೆಯ ಬಗ್ಗೆ ತಿಳಿದುಕೊಳ್ಳುವುದಾದರೆ ಅದು ಕೈಯಿಂದ ಹಾಲು ತೆಗೆಯುವುದು. ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ, ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಕೆಳಗೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಹಿಂಡಬಾರದು. ಮೊದಲ ನಿಮಿಷ ಏನೂ ಬರದಿರಬಹುದು, ಆಮೇಲೆ ಹನಿ, ಅದರ ಹಿಂದೆ ಧಾರೆ. ಕೆಳಗೆ ಹಿಡಿಯಲು ಕುದಿಸಿ ಆರಿಸಿದ ಒಂದು ಸ್ಟೀಲ್ ಬಟ್ಟಲು ಸಾಕು. ಆದರೆ ಇದನ್ನು ಹೆರಿಗೆಗೆ ಮುಂಚೆ ಪ್ರಯೋಗಿಸಲು ಹೋಗಬೇಡಿ. ಹೆರಿಗೆಯಾದ ಮೇಲೆ ನರ್ಸ್ ಒಬ್ಬರನ್ನು ಕೇಳಿ, ಎದುರಿಗೆ ನಿಂತು ತೋರಿಸಿಕೊಡುತ್ತಾರೆ.

ಹಾಗೆ ತೆಗೆದ ಹಾಲನ್ನು ಕುಡಿಸಲು ಆರು ಬಾಟಲಿ ಏಕೆ? ನಿಮ್ಮ ಅಜ್ಜಿಯ ಬೆಳ್ಳಿ ಸಾಮಾನಿನ ನಡುವೆ ಒಂದು ಒಳಲೆ (ಮಗುವಿಗೆ ಹಾಲು ಹಾಕುವ, ಮೂತಿಯಿರುವ ಪುಟ್ಟ ಬಟ್ಟಲು) ಇದ್ದೀತು, ಹುಡುಕಿ. ಇಲ್ಲದಿದ್ದರೆ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಅಗ್ಗವಾಗಿ ಸಿಗುತ್ತದೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಗಳಲ್ಲೂ ಇದರಿಂದಲೇ ಹಾಲು ಹಾಕುತ್ತಾರೆ. ಮಗುವನ್ನು ಅರ್ಧ ಕೂತಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ಆನಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮಲಗಿಸಿ ಗಂಟಲಿಗೆ ಸುರಿಯಬಾರದು. ಕೊಳ್ಳುವಾಗ ಮೂತಿ ಮುಚ್ಚಿದ ಕೊಳವೆಯಂತಿರದೆ ದೋಣಿಯ ತುದಿಯಂತೆ ತೆರೆದಿರುವುದನ್ನು ಆರಿಸಿ. ಒಳಗೆಲ್ಲ ಕಣ್ಣಿಗೆ ಕಾಣಬೇಕು, ಬೆರಳಿಗೆ ಸಿಗಬೇಕು. ಬಾಟಲಿಯ ರಬ್ಬರಿನ ಸಂದಿಯಲ್ಲಿ ಕೂರುವ ಹಾಲಿನ ಜಿಡ್ಡು ಇಲ್ಲಿ ಕೂರಲು ಜಾಗವಿಲ್ಲ. ಸ್ಟೆರಿಲೈಸರಿನ ಕೆಲಸವನ್ನು ಮುಚ್ಚಳವಿರುವ ಪಾತ್ರೆಯೊಂದು ಮಾಡುತ್ತದೆ: ಚೆನ್ನಾಗಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಕುದಿಸುವುದು, ಅಷ್ಟೆ.

ನಿಪ್ಪಲ್ ಶೀಲ್ಡ್ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಾಲೂಡಿಸುವಾಗ ನೋವಾದರೆ ಹೆಚ್ಚಿನ ಸಲ ಮಗು ಬರೀ ತೊಟ್ಟನ್ನು ಹಿಡಿದಿರುತ್ತದೆ. ಬಾಯಿ ಅಗಲವಾಗಿ ತೆರೆದಿರಬೇಕು, ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಇದನ್ನು ಸರಿಪಡಿಸದೆ ನಡುವೆ ಸಿಲಿಕಾನ್ ತಂದಿಟ್ಟರೆ ನೋವು ಮರೆಯಾಗಬಹುದು, ಕಾರಣ ಹಾಗೆಯೇ ಉಳಿಯುತ್ತದೆ. ಶೀಲ್ಡ್ ನೆರವಾಗುವ ಸಂದರ್ಭಗಳೂ ಇವೆ. ಆದರೆ ಮಗು ಹಾಲು ಕುಡಿಯುವುದನ್ನು ಕಣ್ಣಾರೆ ನೋಡಿದವರು ಹೇಳಿದರೆ ಮಾತ್ರ ಕೊಳ್ಳಿ. ತೊಟ್ಟು ಒಳಕ್ಕೆ ಹೋಗಿದ್ದರೆ ಈಗಲೇ ವೈದ್ಯರಿಗೆ ತೋರಿಸಿಡಿ, ಎಳೆದು ಸರಿಮಾಡುವ ವ್ಯಾಯಾಮ ಬೇಡ. ಹೆರಿಗೆಯ ನಂತರ ಅದಕ್ಕೆ ಬಳಸುವ ಉಪಕರಣ ಮೆಡಿಕಲ್ ಅಂಗಡಿಯ 10 ಅಥವಾ 20 ಮಿಲಿಲೀಟರ್ ಸಿರಿಂಜ್. ಸೂಜಿ ಹಾಕುವ ತುದಿಯನ್ನು ಕತ್ತರಿಸಿ, ಕತ್ತರಿಸಿದ ಕಡೆಯಿಂದಲೇ ದಂಡವನ್ನು ತೂರಿಸಿ, ನಯವಾದ ಬಾಯಿಯನ್ನು ಎದೆಗೆ ಆನಿಸಿ ಮೆಲ್ಲಗೆ ಎಳೆಯುತ್ತಾರೆ. ನರ್ಸ್ ತೋರಿಸಿಕೊಡಲಿ.

ಕ್ರೀಮ್ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೂ ಇಲ್ಲ. ಹಾಲೂಡಿಸಿದ ಮೇಲೆ ಎರಡು ಹನಿ ನಿಮ್ಮದೇ ಹಾಲನ್ನು ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ.

ಪುಡಿ ಹಾಲಿನ ಡಬ್ಬವನ್ನು ಮಾತ್ರ ಖಂಡಿತ ತಂದಿಡಬೇಡಿ. ರಾತ್ರಿ ಎರಡು ಗಂಟೆಗೆ ಮಗು ಒಂದೇ ಸಮನೆ ಅಳುವಾಗ, ಮನೆಮಂದಿಯೆಲ್ಲ ನಿದ್ದೆಗೆಟ್ಟಿರುವಾಗ, ಕಪಾಟಿನಲ್ಲಿರುವ ಡಬ್ಬ ತೆರೆದೇ ತೆರೆಯುತ್ತದೆ. ಡಬ್ಬದ ಹಾಲು ಕುಡಿದ ಮಗು ಅಷ್ಟರಮಟ್ಟಿಗೆ ಎದೆ ಚೀಪುವುದಿಲ್ಲ, ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ 1992ರ ಕಾನೂನು, 2003ರ ತಿದ್ದುಪಡಿ ಸೇರಿ, ಪುಡಿ ಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಪಂಪು, ದಿಂಬುಗಳಿಗೆ ಆ ಕಡಿವಾಣವಿಲ್ಲ. ನಿಮ್ಮ ಮೊಬೈಲಿನಲ್ಲಿ ದಿನವಿಡೀ ಅವೇ ಕಾಣುವುದು ಅದಕ್ಕೇ ಇರಬೇಕು. ಮಗುವಿನ ತೂಕ ಹೆಚ್ಚು ಇಳಿದರೆ, ರಕ್ತದಲ್ಲಿ ಸಕ್ಕರೆ ಕಡಿಮೆಯಾದರೆ ವೈದ್ಯರೇ ಪುಡಿ ಹಾಲು ಬರೆದುಕೊಡಬಹುದು. ಆಗ ಹಿಂಜರಿಕೆ ಬೇಡ, ಕಾರಣವನ್ನೂ ಎಷ್ಟು ದಿನ ಎಂಬುದನ್ನೂ ಕೇಳಿಕೊಂಡು ಕೊಡಿ.

ಅಮ್ಮ ರೂಢಿಯಂತೆ ಮಗುವಿಗೆ ಕೊಡಲು ಹೊರಡಬಹುದಾದ ಕೆಲವನ್ನೂ ಹೊಡೆದುಹಾಕಬೇಕು: ಜೇನು, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಎದೆಹಾಲಿನಲ್ಲಿ ಸುಮಾರು ಶೇ. 88 ನೀರೇ ಇರುವುದರಿಂದ ರಾಯಚೂರಿನ ಬೇಸಿಗೆಯಲ್ಲೂ ಆರು ತಿಂಗಳವರೆಗೆ ಬೇರೆ ನೀರು ಬೇಡ. ಕೊಡಬೇಕಾದದ್ದು ದಿನಕ್ಕೆ 400 ಐಯು ವಿಟಮಿನ್ ಡಿ ಹನಿ. ಎದೆಹಾಲಿನಲ್ಲಿ ಅದು ಸಾಲದು, ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಹಾಗಾದರೆ ಆಸ್ಪತ್ರೆಯ ಚೀಲಕ್ಕೆ ಏನು? ಎದೆಯ ಹತ್ತಿರ ಜಿಪ್ ಇರುವ ಫೀಡಿಂಗ್ ನೈಟಿ ಮೂರು. ತಂತಿಯಿಲ್ಲದ, ಹಿಗ್ಗುವ ಬ್ರಾ ಎರಡೇ ಎರಡು. ಉಳಿದವನ್ನು ಹಾಲು ಇಳಿದು ಅಳತೆ ನಿಂತ ಮೇಲೆ ಕೊಳ್ಳಿ. ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ ನಾಲ್ಕು ಪದರ ಹೊಲಿದರೆ ಹಾಲು ಸೋರುವುದಕ್ಕೆ ಪ್ಯಾಡ್ ಆಯಿತು; ಒದ್ದೆಯಾದ ಕೂಡಲೇ ಬದಲಿಸಬೇಕು. ಅದೇ ಪಂಚೆಯ ದೊಡ್ಡ ತುಂಡುಗಳು ಮಗು ಹಾಲು ಕಕ್ಕಿದಾಗ ಒರೆಸಲು. ಗಟ್ಟಿಯಾದ ಎರಡು ದಿಂಬು, ಕುರ್ಚಿಯಲ್ಲಿ ಕೂತಾಗ ಕಾಲಿಡಲು ಒಂದು ಮಣೆ. ಸಿಸೇರಿಯನ್ ಆದರೆ ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗುವನ್ನು ಪಕ್ಕೆಗೆ, ಕಂಕುಳಡಿಗೆ ಹಿಡಿಯಬೇಕು. ಆ ದಿಂಬುಗಳ ಬೆಲೆ ಆಗ ತಿಳಿಯುತ್ತದೆ.

ಅವಳಿ ಮಕ್ಕಳೆಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಗಿದ್ದರೆ, ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿದ್ದರೆ ಲೆಕ್ಕ ಬೇರೆ. ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದರೆ ಮೊದಲ ಕೆಲವು ಗಂಟೆಗಳಿಂದಲೇ, ದಿನಕ್ಕೆ ಎಂಟು ಸಲವಾದರೂ ಹಾಲು ತೆಗೆಯಬೇಕು, ಅದಕ್ಕೆ ಒಳ್ಳೆಯ ಪಂಪ್ ಬೇಕು. ಅಲ್ಲಿಯೂ ಕೊಳ್ಳುವ ಮುಂಚೆ ಆಸ್ಪತ್ರೆಯಲ್ಲಿ ಪಂಪ್ ಇದೆಯೇ, ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿ.

ಕೊಳ್ಳಲಾಗದ, ಆದರೆ ಈಗಲೇ ಗೊತ್ತುಮಾಡಿಕೊಳ್ಳಬೇಕಾದದ್ದು ಒಂದಿದೆ: ನಾಲ್ಕನೇ ದಿನ ನೋವಾದಾಗ ಯಾರನ್ನು ಕರೆಯುವುದು? ಆಸ್ಪತ್ರೆಯಲ್ಲಿ ಎದೆಹಾಲಿನ ಸಲಹೆಗಾರರಿದ್ದಾರೆಯೇ, ಮನೆಗೆ ಹೋದ ಮೇಲೂ ಸಿಗುತ್ತಾರೆಯೇ ಎಂದು ಮುಂದಿನ ತಪಾಸಣೆಯಲ್ಲೇ ಕೇಳಿ. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಮನೆಗೆ ಬಂದು ನೋಡುವುದು ಆಶಾ ಕಾರ್ಯಕರ್ತೆಯರ ಕೆಲಸ. ನೀವು ತವರಿನಲ್ಲಿರುವುದರಿಂದ ಅಲ್ಲಿನ ಆಶಾ ಅವರಿಗೆ ನಿಮ್ಮ ಹೆಸರನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಂಡನ ಮನೆಯ ಊರಿನ ಪುಸ್ತಕದಲ್ಲೇ ಉಳಿದುಬಿಡುತ್ತೀರಿ. ಐದಾರು ದಿನ ಕಳೆದ ಮೇಲೆ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿದು, ಕನಿಷ್ಠ ಆರು ಸಲ ಬಟ್ಟೆ ಒದ್ದೆ ಮಾಡಿ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಅಷ್ಟು ಆಗದಿದ್ದರೆ ಅಂಗಡಿಗೆ ಹೋಗುವ ಮುಂಚೆ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ.