ಎಲ್ಲಾನೂ ‘ನರ’ ಅಂದ್ರೆ ಹೇಗೆ? ಕಾಲಿನ ರಕ್ತನಾಳಗಳ ಹಳೇ ಕಥೆ

ನಮ್ಮ ಕಡೆ ಕಾಲಲ್ಲಿ ನೀಲಿ ಗಂಟು ಕಂಡ್ರೆ ನರ ಉಬ್ಬಿದೆ ಅಂತಾರೆ, ನಡೆಯುವಾಗ ಮೀನಖಂಡ ನೋವು ಬಂದ್ರೆ ನರ ಹಿಡ್ಕೊಂಡಿದೆ ಅಂತಾರೆ, ಪಾದ ಜೋಮು ಬಂದ್ರೆ ಅದೂ ನರದ ವೀಕ್ನೆಸ್ಸೇ. ಸ್ಕೂಲಲ್ಲಿ ಅಪಧಮನಿ, ಅಭಿಧಮನಿ ಅಂತ ಬಾಯಿಪಾಠ ಮಾಡಿದ್ವಿ, ಪರೀಕ್ಷೆ ಮುಗಿದ ಮೇಲೆ ಯಾವ್ದು ಯಾವ್ದು ಅಂತ ಮರೆತೂ ಬಿಟ್ವಿ. ಹಾರ್ಟಿಂದ ರಕ್ತ ಹೊರಗೆ ಒಯ್ಯೋದು ಅಪಧಮನಿ, ಅಂದ್ರೆ ಆರ್ಟರಿ. ವಾಪಸ್ ತರೋದು ಅಭಿಧಮನಿ, ಅಂದ್ರೆ ವೇನ್. ನಿಜವಾದ ನರದೊಳಗೆ ರಕ್ತ ಹರಿಯೋದೇ ಇಲ್ಲ.

ಇದು ಬರೀ ಭಾಷೆ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರ್ಲಿಲ್ಲ. ನಮ್ಮನೇಲಿ ಎರಡೂ ಕಾಯಿಲೆ ನೋಡಿದೀನಿ. ಅತ್ತೆ ಮೆಸ್ಸಲ್ಲಿ ಅಡುಗೆ ಮಾಡೋರು, ಬೆಳಗ್ಗೆ ಐದರಿಂದ ನಿಂತಿದ್ದೇ ನಿಂತಿದ್ದು, ಸಾಯಂಕಾಲಕ್ಕೆ ಕಾಲು ಕಲ್ಲಿನ ಹಾಗೆ ಭಾರ, ಕಣಕಾಲು ಊತ, ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ರೆ ‘ಅಬ್ಬಾ’ ಅಂತ ಉಸಿರು ಬಿಡೋರು. ದೊಡ್ಡಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದೋರು. ಅವ್ರಿಗೆ ರಾತ್ರಿ ಮಲಗಿದ ತಕ್ಷಣ ಪಾದ ಉರಿಯೋಕೆ ಶುರು, ಎದ್ದು ಮಂಚದಿಂದ ಕಾಲು ಕೆಳಗೆ ಇಳಿಬಿಟ್ಕೊಂಡು ಕೂತಲ್ಲೇ ತೂಕಡಿಸೋರು. ಒಬ್ರಿಗೆ ಕಾಲು ಎತ್ತಿದ್ರೆ ಆರಾಮ, ಇನ್ನೊಬ್ರಿಗೆ ಇಳಿಸಿದ್ರೆ ಆರಾಮ. ಮನೇಲಿ ಯಾರೂ ಇದನ್ನ ಗಮನಿಸ್ಲಿಲ್ಲ. ಇಬ್ರಿಗೂ ನರದ್ದೇ ತೊಂದ್ರೆ ಅಂತ ಅತ್ತೆಗೆ ತಂದಿದ್ದ ಕ್ರೇಪ್ ಬ್ಯಾಂಡೇಜನ್ನೇ ದೊಡ್ಡಪ್ಪನ ಕಾಲಿಗೂ ಬಿಗಿಯಾಗಿ ಸುತ್ತಿದ್ವಿ. ಮಾರನೇ ದಿನ ಬಿಚ್ಚಿ ನೋಡಿದ್ರೆ ಹೆಬ್ಬೆರಳು ನೀಲಿ ತಿರುಗಿತ್ತು.

ನಮ್ಮದೇ ತಪ್ಪು. ಆದ್ರೆ ಈ ಗೊಂದಲ ತುಂಬಾ ಹಳೇದು. ಸುಶ್ರುತ ಸಂಹಿತೆಯಲ್ಲಿ ಮೈಯೊಳಗಿನ ನಾಳಗಳಿಗೆ ಸಿರಾ, ಧಮನಿ, ಸ್ರೋತಸ್ಸು ಅಂತ ಬೇರೆ ಬೇರೆ ವಿಂಗಡಣೆ ಇದೆ. ಯುರೋಪಲ್ಲಿ ಗೇಲನ್ ಅನ್ನೋ ವೈದ್ಯ ಹೇಳಿದ್ದನ್ನ ಹತ್ತತ್ರ 1400 ವರ್ಷ ನಂಬಿದ್ರು: ರಕ್ತ ಲಿವರಲ್ಲಿ ಹುಟ್ಟುತ್ತೆ, ಮೈಗೆಲ್ಲ ಹೋಗಿ ಅಲ್ಲೇ ಖರ್ಚಾಗುತ್ತೆ, ಗದ್ದೆಗೆ ಬಿಟ್ಟ ನೀರು ಇಂಗೋ ಹಾಗೆ. ವಾಪಸ್ ಬರೋ ದಾರಿನೇ ಇಲ್ಲ ಅಂದ್ಮೇಲೆ ಆ ದಾರಿ ಕೆಟ್ಟೋಗೋದು ಹೇಗೆ ಗೊತ್ತಾಗ್ಬೇಕು?

ಇಟಲಿಯ ಪಡುವಾದಲ್ಲಿ ಫ್ಯಾಬ್ರೀಷಿಯಸ್ 1603ರಲ್ಲಿ ವೇನ್‌ಗಳ ಒಳಗೆ ಚಿಕ್ಕ ಚಿಕ್ಕ ಬಾಗಿಲುಗಳಿವೆ ಅಂತ ಚಿತ್ರ ಸಮೇತ ಬರೆದ, ಯಾಕಿವೆ ಅನ್ನೋದು ಅವನಿಗೆ ಸರಿಯಾಗಿ ಹೊಳೀಲಿಲ್ಲ. ಹೊಳೆದದ್ದು ಅವನ ಶಿಷ್ಯ ವಿಲಿಯಂ ಹಾರ್ವೆಗೆ, 1628ರ ಅವನ ಪುಸ್ತಕದಲ್ಲಿರೋ ಪ್ರಯೋಗನ ನಾವೂ ಮಾಡಿ ನೋಡ್ಬಹುದು. ತೋಳಿಗೆ ಒಂದು ಬಟ್ಟೆ ಕಟ್ಟಿ, ಮುಂಗೈಲಿ ವೇನ್ ಉಬ್ಬುತ್ತೆ, ಮಧ್ಯೆ ಮಧ್ಯೆ ಗಂಟಿನ ಥರ ಕಾಣೋದೇ ಆ ಬಾಗಿಲು. ಮಣಿಕಟ್ಟಿನ ಕಡೆ ಒಂದು ಬೆರಳು ಒತ್ತಿಟ್ಕೊಂಡು ಇನ್ನೊಂದು ಬೆರಳಿಂದ ರಕ್ತನ ಮೊಣಕೈ ಕಡೆಗೆ, ಒಂದು ಗಂಟು ದಾಟೋವರೆಗೆ ಸವರಿ ಬಿಡಿ. ಅಷ್ಟು ಭಾಗ ಖಾಲಿ ಆಗಿ ಚಪ್ಪಟೆ ಆಗುತ್ತೆ, ಮೇಲಿಂದ ರಕ್ತ ಕೆಳಗೆ ಇಳಿಯೋದೇ ಇಲ್ಲ. ಕೆಳಗಿನ ಬೆರಳು ತೆಗೆದ್ರೆ ಮಾತ್ರ ಮತ್ತೆ ತುಂಬುತ್ತೆ. ಅಂದ್ರೆ ವೇನ್ ಒನ್‌ವೇ ರೋಡು, ಹಾರ್ಟ್ ಕಡೆಗೆ ಮಾತ್ರ.

ಅತ್ತೆ ಕಾಲಲ್ಲಿ ಕೆಟ್ಟಿದ್ದು ಇದೇ ಬಾಗಿಲು. ಪಾದದಿಂದ ರಕ್ತ ಮೇಲೇರ್ಬೇಕಾದ್ರೆ ಮೀನಖಂಡದ ಮಾಂಸ ಹಿಂಡ್ಬೇಕು, ಅದು ಹಿಂಡೋದು ನಡೆದಾಗ, ಸುಮ್ನೆ ನಿಂತಿದ್ರೆ ಹಿಂಡಲ್ಲ. ಬಾಗಿಲು ಸಡಿಲ ಆದ್ರೆ ರಕ್ತ ಕೆಳಗೇ ನಿಂತು ವೇನ್ ಹಿಗ್ಗಿ ಹಾವಿನ ಥರ ಸುತ್ಕೊಳುತ್ತೆ, ವೆರಿಕೋಸ್ ವೇನ್ ಅನ್ನೋದು ಇದನ್ನೇ. ಬಿಟ್ರೆ ಕಣಕಾಲ ಹತ್ರ ಚರ್ಮ ಕಪ್ಪಾಗಿ, ತುರಿಸಿ, ಒಣಗದ ಹುಣ್ಣಾಗುತ್ತೆ. ಜರ್ಮನಿಯ ಟ್ರೆಂಡಲೆನ್‌ಬರ್ಗ್ 1890ರ ಸುಮಾರಿಗೆ ತೊಡೆಯಲ್ಲೇ ಆ ವೇನನ್ನ ಕಟ್ಟಿದ, 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಒಳಗೆ ಕಂಬಿ ತೂರಿಸಿ ಇಡೀ ವೇನನ್ನೇ ಎಳೆದು ತೆಗೆಯೋ ಆಪರೇಷನ್ ತಂದ, ಅದೇ ಪದ್ಧತಿ ಹೆಚ್ಚು ಕಮ್ಮಿ ನೂರು ವರ್ಷ ನಡೀತು. 2000ದ ಆಸುಪಾಸಲ್ಲಿ ಲೇಸರ್, ರೇಡಿಯೋ ಫ್ರೀಕ್ವೆನ್ಸಿ ಬಂದ್ಮೇಲೆ ಒಳಗಿಂದ ಬಿಸಿ ಕೊಟ್ಟು ಮುಚ್ಚಿಬಿಡ್ತಾರೆ. ‘ನರ ಸುಟ್ರೆ ರಕ್ತ ಎಲ್ಲಿಂದ ಹೋಗುತ್ತೆ’ ಅಂತ ಎಲ್ರೂ ಹೆದರ್ತಾರೆ, ಅತ್ತೆನೂ ಹೆದರಿದ್ರು. ಕಾಲಿನ ಬಹುಪಾಲು ರಕ್ತ ವಾಪಸ್ ಹೋಗೋದು ಮಾಂಸದೊಳಗಿನ ಆಳದ ವೇನ್‌ನಿಂದ, ಅದು ಚೆನ್ನಾಗಿದ್ರೆ ಮೇಲಿಂದು ಮುಚ್ಚಿದ್ರೆ ತೊಂದ್ರೆ ಇಲ್ಲ. ಆದ್ರೆ ಆ ಆಳದ ವೇನಲ್ಲೇ ರಕ್ತ ಹೆಪ್ಪುಗಟ್ಟಿದ್ರೆ ಅದು ಬೇರೆನೇ ಕಥೆ, ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗ್ಬಹುದು, ಹಾಗಾಗಿ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿಕೊಂಡು ನೋವಾದ್ರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ದೊಡ್ಡಪ್ಪನ ಕಾಲಲ್ಲಿ ಕೆಟ್ಟಿದ್ದು ಆರ್ಟರಿ, ಅದು ಕಟ್ಟಿಕೊಂಡು ಪಾದಕ್ಕೆ ರಕ್ತ ಸರಿಯಾಗಿ ಇಳೀತಿರ್ಲಿಲ್ಲ, ಅದಕ್ಕೇ ಕಾಲು ಇಳಿಬಿಟ್ರೆ ಆರಾಮ. ಆರ್ಟರಿ ರಿಪೇರಿ ಕಥೆ ಇನ್ನೂ ತಡವಾಗಿ ಶುರುವಾಯ್ತು, ಯಾಕಂದ್ರೆ ರಕ್ತನಾಳ ಹೊಲಿಯೋಕೇ ಬರ್ತಿರ್ಲಿಲ್ಲ. 1894ರಲ್ಲಿ ಫ್ರಾನ್ಸ್ ಅಧ್ಯಕ್ಷ ಕಾರ್ನೋಗೆ ಲಿಯಾನ್ ಊರಲ್ಲಿ ಚೂರಿ ಹಾಕಿದ್ರು, ಲಿವರ್‌ಗೆ ಹೋಗೋ ದೊಡ್ಡ ವೇನ್ ಕತ್ತರಿಸಿತ್ತು, ಡಾಕ್ಟರ್‌ಗಳ ಕೈಲಿ ಏನೂ ಆಗ್ಲಿಲ್ಲ. ಅದೇ ಊರಲ್ಲಿ ಡಾಕ್ಟರಿಕೆ ಕಲೀತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ತಲೇಲಿ ಕೂತುಬಿಡ್ತು. ಲಿಯಾನ್ ರೇಷ್ಮೆ ಊರು, ಅಲ್ಲಿ ಕಸೂತಿ ಹಾಕೋ ಹೆಂಗಸಿನ ಹತ್ರ ಹೋಗಿ ಸಣ್ಣ ಸೂಜಿ, ತೆಳು ದಾರದಲ್ಲಿ ಹೊಲಿಯೋದು ಕಲಿತ. 1912ರ ನೊಬೆಲ್ ಪ್ರೈಜ್ ಸಿಕ್ಕಿದ್ದರಲ್ಲಿ ಆ ರಕ್ತನಾಳ ಹೊಲಿಗೆನೂ ಸೇರಿತ್ತು. ಆ ಕಸೂತಿಯಾಕೆನ ನೆನೆಸ್ಕೊಂಡ್ರೆ ನನಗೆ ಯಾವಾಗ್ಲೂ ಗೌರವ ಅನ್ಸುತ್ತೆ.

1948ರಲ್ಲಿ ಪ್ಯಾರಿಸ್‌ನ ಜಾನ್ ಕುನ್ಲಿನ್ ರೋಗಿಯದ್ದೇ ಕಾಲಿನ ವೇನ್ ತೆಗೆದು, ಬ್ಲಾಕ್ ಆದ ಆರ್ಟರಿಯ ಮೇಲೂ ಕೆಳಗೂ ಹೊಲಿದು ಬೈಪಾಸ್ ಮಾಡಿದ. ಇಲ್ಲಿ ಒಂದು ಸೂಕ್ಷ್ಮ ಇದೆ. ವೇನಲ್ಲಿ ಬಾಗಿಲುಗಳಿರೋದ್ರಿಂದ ಇದ್ದ ಹಾಗೇ ಹಾಕಿದ್ರೆ ರಕ್ತ ಕೆಳಗಿಳಿಯಲ್ಲ, ಹಾಗಾಗಿ ತಲೆಕೆಳಗು ಮಾಡಿ ಹಾಕಿದ್ರು.

ಆಮೇಲೆ 1964ರ ಜನವರಿ 16, ಅಮೆರಿಕದ ಪೋರ್ಟ್‌ಲ್ಯಾಂಡ್. 82 ವರ್ಷದ ಒಬ್ಬ ಅಜ್ಜಿಯ ಪಾದ ಕೊಳೀತಾ ಇತ್ತು, ಕಾಲು ತೆಗೀಬೇಕು ಅಂದ್ರೆ ಆಕೆ ಒಪ್ಲೇ ಇಲ್ಲ. ಚಾರ್ಲ್ಸ್ ಡಾಟರ್ ಅನ್ನೋ ರೇಡಿಯಾಲಜಿಸ್ಟ್ ತೊಡೆಯ ಆರ್ಟರಿ ಒಳಗೆ ತಂತಿ ತೂರಿಸಿ, ಅದರ ಮೇಲೆ ಸಣ್ಣದು, ಆಮೇಲೆ ದಪ್ಪದು ಅಂತ ಕೊಳವೆಗಳನ್ನ ಹಾಯಿಸಿ ದಾರಿ ಅಗಲ ಮಾಡಿದ. ಪಾದ ಬೆಚ್ಚಗಾಯ್ತು, ಆಕೆ ಕೊನೇವರೆಗೂ ಸ್ವಂತ ಕಾಲಲ್ಲೇ ನಡೆದ್ರು. ಜ್ಯೂರಿಕ್‌ನ ಗ್ರುಯೆಂಟ್ಸಿಗ್ ಇದಕ್ಕೆ ಆರ್ಟರಿ ಒಳಗೇ ಉಬ್ಬಿಸಿ ದಾರಿ ಅಗಲ ಮಾಡೋ ಬಲೂನ್ ಸೇರಿಸಿದ, 1974ರಲ್ಲಿ ಮೊದಲು ಕಾಲಿಗೆ, 1977ರಲ್ಲಿ ಹಾರ್ಟ್‌ಗೆ. ಈಗ ಊರೂರಲ್ಲೂ ‘ಹಾರ್ಟ್‌ಗೆ ಸ್ಟಂಟ್ ಹಾಕಿದ್ರು’ ಅನ್ನೋ ಮಾತಿನ ಮೂಲ ಕಾಲಲ್ಲಿದೆ. ಹಾಗಿದ್ರೂ ಎದೆ ನೋವು ಅಂದ್ರೆ ಓಡ್ತೀವಿ, ಕಾಲು ನೋವು ಅಂದ್ರೆ ಎಣ್ಣೆ ಹಚ್ತೀವಿ, ಇದು ನನಗೆ ತುಂಬಾ ಬೇಜಾರು.

ಬೀಡಿ ಸಿಗರೇಟು, ಶುಗರ್, ಬಿಪಿ, ಕೊಲೆಸ್ಟ್ರಾಲ್, ಇವೇ ಆರ್ಟರಿ ಕಟ್ಟಿಸೋ ಮುಖ್ಯ ಕಾರಣ. ಚಿಕ್ಕ ವಯಸ್ಸಿನ ಬೀಡಿ ಸೇದೋರಿಗೆ ಬರೋ ಇನ್ನೊಂದು ಕಾಯಿಲೆನ ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ, ತಂಬಾಕು ಪೂರ್ತಿ ಬಿಡೋವರೆಗೂ ಯಾವ ಔಷಧಿನೂ ಅದನ್ನ ತಡೆಯಲ್ಲ. ಎರಡಕ್ಕೂ ಮೊದಲ ಲಕ್ಷಣ ಹೆಚ್ಚಾಗಿ ನಡೆಯುವಾಗ್ಲೇ ಬರುತ್ತೆ, ಇಷ್ಟು ದೂರ ನಡೆದ್ರೆ ಕಾಲು ಹಿಡ್ಕೊಳುತ್ತೆ, ಎರಡು ನಿಮಿಷ ನಿಂತ್ರೆ ಬಿಡುತ್ತೆ. ಕಂಡುಹಿಡಿಯೋದೂ ಕಷ್ಟ ಅಲ್ಲ. ಕಣಕಾಲಿಗೆ ಬಿಪಿ ಪಟ್ಟಿ ಕಟ್ಟಿ ಕೈಯಿನ ಬಿಪಿ ಜೊತೆ ಹೋಲಿಸ್ತಾರೆ, ಕಾಲಿಂದು ಕೈಯಿನದ್ದರ 0.9 ಪಾಲಿಗಿಂತ ಕಮ್ಮಿ ಬಂದ್ರೆ ಆರ್ಟರಿ ಸಣ್ಣಗಾಗಿದೆ ಅಂತ ಅರ್ಥ, ಅರ್ಧಕ್ಕಿಂತ ಕಮ್ಮಿ ಇದ್ರೆ ಬಿಗಿ ಸ್ಟಾಕಿಂಗ್ಸ್, ಬ್ಯಾಂಡೇಜ್ ಯಾವ್ದೂ ಹಾಕ್ಬಾರ್ದು. ಶುಗರ್ ತುಂಬಾ ವರ್ಷದಿಂದ ಇದ್ರೆ ಆರ್ಟರಿ ಗಟ್ಟಿಯಾಗಿ ಈ ಲೆಕ್ಕ ಸುಳ್ಳು ಹೇಳ್ಬಹುದು, ಆಗ ಡಾಪ್ಲರ್ ಸ್ಕ್ಯಾನ್, ಅಂದ್ರೆ ಶಬ್ದದ ಅಲೆಯಿಂದ ರಕ್ತದ ಹರಿವು ನೋಡೋ ಪರೀಕ್ಷೆ ಬೇಕು.

ದೊಡ್ಡಪ್ಪಂಗೆ ಬಲೂನ್ ಹೋಗೋಕೆ ಜಾಗ ಇರ್ಲಿಲ್ಲ, ಬೈಪಾಸೇ ಮಾಡಿದ್ರು, ಅವ್ರದ್ದೇ ತೊಡೆಯ ವೇನ್, ತಲೆಕೆಳಗು ಮಾಡಿ. ಹೆಬ್ಬೆರಳು ಹೋಯ್ತು, ಕಾಲು ಉಳೀತು. ಆಪರೇಷನ್ ಆದ ಸಂಜೆ ನರ್ಸ್ ಪಾದದ ಮೇಲೆ ಜೆಲ್ ಹಚ್ಚಿ ಪೆನ್ನಿನಷ್ಟು ದಪ್ಪದ ಡಾಪ್ಲರ್ ಇಟ್ರು, ಸ್ವಲ್ಪ ಹೊತ್ತು ಬರೀ ಕರಕರ ಸದ್ದು, ಆಮೇಲೆ ಹುಶ್, ಹುಶ್, ಹುಶ್ ಅಂತ ಕೇಳಿಸ್ತು. ದೊಡ್ಡಪ್ಪ ‘ಇದು ನನ್ನದೇನಮ್ಮಾ?’ ಅಂತ ಕೇಳಿದ್ರು.