ಐಎಂಎಫ್ ಸದಸ್ಯ ಅಂದ ಮಾತ್ರಕ್ಕೆ ಸರ್ಕಾರವನ್ನು ನಂಬುತ್ತಾರಾ?

ಡೊಂಬಿವ್ಲಿಯ ಓದುಗರೊಬ್ಬರು ಕೇಳಿದ್ದಾರೆ: "ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಅಂಥ ಸಂಸ್ಥೆಗಳಿಗೆ ಸೇರಿದರೆ ಸರ್ಕಾರದ ಮಾತಿಗೆ ಹೊರಗಡೆ ಬೆಲೆ ಬರುತ್ತದಾ, ಇಲ್ಲ ಬರೀ ಹೆಸರಿಗಾ?"

ಬೆಲೆ ಬರುತ್ತದೆ. ಎಷ್ಟು ಅನ್ನುವುದು ಮಾತ್ರ, ಮಾತು ತಪ್ಪಿದರೆ ಆ ಸಂಸ್ಥೆ ಏನು ಮಾಡಬಲ್ಲದು ಅನ್ನುವುದರ ಮೇಲೆ ನಿಂತಿದೆ.

ಮುಂಬೈಯವರಿಗೆ ದೂರದ ಉದಾಹರಣೆ ಬೇಡ. ಭಾರತ 1945ರಿಂದಲೇ ಐಎಂಎಫ್ ಸದಸ್ಯ. ಆದರೂ 1991ರಲ್ಲಿ ದೇಶದ ಡಾಲರ್ ಸಂಗ್ರಹ ತಳ ಕಂಡಾಗ ಹೊರಗಿನವರು ಸಾಲ ಕೊಡಲು ಹಿಂದೆಮುಂದೆ ನೋಡಿದರು. ಜುಲೈನಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಮುಂಬೈಯಿಂದ ವಿಮಾನ ಹತ್ತಿತು. ಅದನ್ನು ಅಡವಿಟ್ಟದ್ದಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸಿಕ್ಕಿದ್ದು 40.5 ಕೋಟಿ ಡಾಲರ್. ಚಿನ್ನ ಇಲ್ಲೇ ಇರಲಿ, ಕಾಗದದಲ್ಲಿ ಬರೆದುಕೊಡುತ್ತೇವೆ ಅಂದರೆ ಒಪ್ಪಲಿಲ್ಲ. ವಿಮಾನ ನಿಲ್ದಾಣದ ದಾರಿಯಲ್ಲಿ ಒಂದು ವ್ಯಾನ್ ಕೆಟ್ಟು ನಿಂತು ಕಾವಲಿನವರು ಕಂಗಾಲಾಗಿದ್ದರು. ಮನೆಯಲ್ಲಿ ಬಳೆ ಅಡವಿಡುವಾಗ ಆಗುವ ಸಂಕಟ ಇಡೀ ದೇಶಕ್ಕೆ ಆಯಿತು. ಸುಮಾರು 46 ವರ್ಷದ ಸದಸ್ಯತ್ವ ಅಂದು ಸಾಕಾಗಲಿಲ್ಲ, ಅಲ್ವಾ?

ಮತ್ತೆ ಅದು ಕೆಲಸಕ್ಕೆ ಬಂದದ್ದು ಎಲ್ಲಿ? ಆಗ ಭಾರತ ಐಎಂಎಫ್ ಹತ್ತಿರವೂ ಸಾಲ ಪಡೆಯಿತು. ಆ ಸಾಲ ಕಂತಿನಲ್ಲಿ ಬರುತ್ತದೆ. ಹೇಳಿದ್ದನ್ನು ಮಾಡಿದಿರಾ ಅಂತ ನೋಡಿಯೇ ಮುಂದಿನ ಕಂತು. ರೂಪಾಯಿ ಬೆಲೆ ಇಳಿಸಿದ್ದು, ಉದ್ಯಮಕ್ಕೆಲ್ಲ ಸರ್ಕಾರದ ಪರವಾನಗಿ ಬೇಕೆನ್ನುವ ಲೈಸೆನ್ಸ್ ರಾಜ್ ಸಡಿಲಿಸಿದ್ದು ಎಲ್ಲರ ಕಣ್ಣೆದುರೇ ನಡೆಯಿತು. ಅಡವಿನ ಸಾಲವೂ ಅದೇ ವರ್ಷ ತೀರಿತು. ನಂಬಿಕೆ ವಾಪಸು ಬಂದದ್ದು ಹಾಗೆ.

ಗ್ರೀಸ್ ಕಥೆ ಇದಕ್ಕೆ ತದ್ವಿರುದ್ಧ. 2001ರಲ್ಲಿ ಯೂರೋ ಹಣ ಬಳಸುವ ದೇಶಗಳ ಬಳಗ ಸೇರಿ ಜರ್ಮನಿಯ ಪಂಕ್ತಿಯಲ್ಲಿ ಕೂತಿತು. ಹೆಚ್ಚುಕಡಿಮೆ ಜರ್ಮನಿಯ ಬಡ್ಡಿಗೇ ಸಾಲ ಸಿಗತೊಡಗಿತು. ಬಜೆಟ್ ಕೊರತೆ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ. 3 ದಾಟಬಾರದು ಅನ್ನುವ ನಿಯಮವೇನೋ ಇತ್ತು. ಆದರೆ 2003ರಲ್ಲಿ ಜರ್ಮನಿ, ಫ್ರಾನ್ಸ್ ಅದನ್ನು ಮೀರಿದಾಗಲೂ ದಂಡ ಬೀಳಲಿಲ್ಲ. ದೊಡ್ಡವರನ್ನೇ ಬಿಟ್ಟ ಮೇಲೆ ಚಿಕ್ಕವರು ಹೆದರುತ್ತಾರಾ? 2009ರ ಗ್ರೀಸ್ ಕೊರತೆ ಕೊನೆಗೆ ಶೇ. 15 ದಾಟಿದ್ದು ಬಯಲಾಯಿತು. ಮರುವರ್ಷವೇ ಬೇರೆಯವರ ಮುಂದೆ ಕೈಚಾಚಬೇಕಾಯಿತು. ಸಾಲ ಕೊಟ್ಟವರು ಇಷ್ಟು ವರ್ಷ ಪಂಕ್ತಿ ನೋಡಿದ್ದರು, ಲೆಕ್ಕ ನೋಡಿರಲಿಲ್ಲ.

ಇನ್ನು ದೇಶಗಳ ವ್ಯಾಪಾರದ ಜಗಳ ತೀರ್ಮಾನಿಸುವ ಡಬ್ಲ್ಯುಟಿಒ. ಅಲ್ಲಿ ಕೊಟ್ಟ ಮಾತಿಗೆ ಮೊದಲಿನಷ್ಟು ತೂಕ ಈಗಿಲ್ಲ ಅಂತಲೇ ನನ್ನ ಅಭಿಪ್ರಾಯ. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಿಂದ ಅದರ ಮೇಲ್ಮನವಿ ಪೀಠ ಹೊಸ ಮನವಿಗಳನ್ನು ಕೇಳುತ್ತಲೇ ಇಲ್ಲ. ಸೋತ ದೇಶ ಸುಮ್ನೆ ಒಂದು ಮೇಲ್ಮನವಿ ಹಾಕಿದರೆ ಸಾಕು, ತೀರ್ಪು ಅಲ್ಲೇ ನಿಂತುಬಿಡುತ್ತದೆ.