‘ಜಾಮೀನು ಇಲ್ಲದ ಶಿಕ್ಷಣ ಸಾಲ’: ಇಲ್ಲದಿರುವುದು ಏನು?

ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ‘ಜಾಮೀನು ಇಲ್ಲದೆ ಶಿಕ್ಷಣ ಸಾಲ’ ಎಂಬ ತಲೆಬರಹ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಕಡೆ ಅದರ ಅರ್ಥ ‘ಆಸ್ತಿ ಪತ್ರ ಬೇಡ’, ಇನ್ನೊಂದು ಕಡೆ ‘ಯಾರ ಸಹಿಯೂ ಬೇಡ’. ಬರೆದಿರುವುದು ಮಾತ್ರ ಒಂದೇ ಯೋಜನೆಯ ಬಗ್ಗೆ. ಎರಡನೆಯದನ್ನು ನಂಬಿ ಒಬ್ಬಳೇ ಬ್ಯಾಂಕಿಗೆ ಹೋದ ಹುಡುಗಿಗೆ ‘ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾರಮ್ಮ’ ಎಂಬ ಉತ್ತರ ಸಿಗುತ್ತದೆ. ಇಲ್ಲಿ ಬ್ಯಾಂಕಿನದು ತಪ್ಪಿಲ್ಲ. ಪದವನ್ನು ಸಡಿಲವಾಗಿ ಬಳಸಿದವರದು ತಪ್ಪು.

ಜಾಮೀನು ಅರಬ್ಬಿ ಮೂಲದ ಪದ. ಅಲ್ಲಿ ‘ಜಾಮಿನ್’ ಎಂದರೆ ಮನುಷ್ಯ, ಇನ್ನೊಬ್ಬನ ಪರವಾಗಿ ಹೊಣೆ ಹೊತ್ತವನು. ಉರ್ದುವಿನಲ್ಲಿ ಈಗಲೂ ಹೊತ್ತವನು ಜಾಮಿನ್, ಹೊತ್ತದ್ದು ಜಮಾನತ್. ಕನ್ನಡದಲ್ಲಿ ಮನುಷ್ಯನ ಹೆಸರು ಹೊಣೆಯ ಹೆಸರಾಯಿತು. ಆಗ ಮನುಷ್ಯನಿಗೆ ಹೆಸರಿಲ್ಲದಂತಾಗಿ, ಪಾರಸಿಯ ‘ದಾರ’ ಅಂಟಿಸಿ ‘ಜಾಮೀನುದಾರ’ ಎಂದು ಕರೆಯಬೇಕಾಯಿತು. ಇದೇ ಅರ್ಥಕ್ಕೆ ಹಳಗನ್ನಡದಲ್ಲಿ ‘ಪೊಣೆ’ ಇತ್ತು, ಅದೇ ಇಂದಿನ ಹೊಣೆ. ಯಾವ ಪದ ತೆಗೆದುಕೊಂಡರೂ ಅಲ್ಲಿ ಮನೆ, ಹೊಲ, ಚಿನ್ನದ ಮಾತಿಲ್ಲ. ಅವು ಅಡಮಾನ ಅಥವಾ ಒತ್ತೆ. ಅಡಮಾನ ಬೇಡವೆಂದರೆ ‘ಅಡಮಾನ ಬೇಡ’ ಎಂದೇ ಬರೆಯಲು ಏನು ಕಷ್ಟ?

ಹೊಣೆಯಲ್ಲೂ ಬಗೆಗಳಿವೆ. ಯಾಜ್ಞವಲ್ಕ್ಯ ಸ್ಮೃತಿ ಅದನ್ನು ಮೂರಾಗಿ ವಿಂಗಡಿಸಿದೆ. ಕರೆದಾಗ ಆತನನ್ನು ಹಾಜರುಪಡಿಸುತ್ತೇನೆ ಎನ್ನುವುದು ದರ್ಶನ, ಆತ ನಂಬಿಕಸ್ಥ ಎನ್ನುವುದು ಪ್ರತ್ಯಯ, ಆತ ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವುದು ದಾನ. ಹೊಣೆ ಹೊತ್ತವನು ಸತ್ತರೆ ಮೊದಲ ಎರಡು ಅವನೊಂದಿಗೇ ಮುಗಿಯುತ್ತವೆ, ಮೂರನೆಯದು ಮಕ್ಕಳ ತಲೆಗೆ ಬರುತ್ತದೆ. ಈ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು, ಅಂದರೆ ನಮ್ಮ ನೆಲದಲ್ಲೇ ಈ ಭೇದದ ಚರ್ಚೆ ನಡೆದಿತ್ತು. ಇಂದು ನ್ಯಾಯಾಲಯದಲ್ಲಿ ಸಿಗುವ ಜಾಮೀನು ಮೊದಲ ಬಗೆಯದು, ಬ್ಯಾಂಕ್ ಕೇಳುವುದು ಮೂರನೆಯದು. ‘ಮಾವ, ಹುಡುಗ ಒಳ್ಳೆಯವನು ಎನ್ನುವುದಕ್ಕೆ ಒಂದು ಸಹಿ ಅಷ್ಟೇ’ ಎಂದು ಎರಡನೆಯದರ ಮಾತಾಡಿ ಮೂರನೆಯದಕ್ಕೆ ಸಹಿ ಹಾಕಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ಕಾನೂನಿಗೆ ಈ ಸಲಿಗೆ ಗೊತ್ತಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನಿಂದ ವಸೂಲಿ ಮುಗಿಸಿ ಆಮೇಲೆ ನನ್ನ ಬಳಿ ಬನ್ನಿ ಎನ್ನುವಂತಿಲ್ಲ ಎಂದು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ.

ಇನ್ನು ಸಹ-ಸಾಲಗಾರ. ಇವರು ಜಾಮೀನುದಾರರೇ ಅಲ್ಲ, ಸ್ವತಃ ಸಾಲ ಪಡೆದವರು. ಸಾಲ ಮಗನದು, ನಾನು ಬೆನ್ನಿಗೆ ನಿಂತಿದ್ದೇನೆ ಎಂದುಕೊಂಡ ತಂದೆ ಬ್ಯಾಂಕಿನ ಪುಸ್ತಕದಲ್ಲಿ ಮೊದಲ ದಿನದಿಂದಲೇ ಸಾಲಗಾರ. ಮಗ ಕಂತು ತಪ್ಪಿಸಿದರೆ ತಂದೆಯ ಸಿಬಿಲ್ ಅಂಕವೂ (ಸಾಲ ತೀರಿಸುವ ವಿಶ್ವಾಸಾರ್ಹತೆಯ ಅಂಕ) ಕುಸಿಯುತ್ತದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಸಾಮಾನ್ಯವಾಗಿ ತಂದೆ ತಾಯಿ ಅಥವಾ ಪೋಷಕರನ್ನು, ಮದುವೆಯಾದವರಿಗೆ ಸಂಗಾತಿ ಇಲ್ಲವೇ ಅತ್ತೆ ಮಾವಂದಿರನ್ನು ಈ ಸ್ಥಾನದಲ್ಲಿ ಕೂರಿಸುತ್ತದೆ. ಪಿಯುಸಿ ಮುಗಿಸಿದ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ, ಅವರೊಬ್ಬರೇ ಮಾಡಿಕೊಂಡ ಕರಾರು ಊರ್ಜಿತವಾಗುವುದೇ ಇಲ್ಲ. ಆದ್ದರಿಂದ ‘ಜಾಮೀನು ಇಲ್ಲದ’ ಸಾಲದಲ್ಲೂ ಅಪ್ಪನ ಸಹಿ ಇದ್ದರೆ ಅದು ಮೋಸವಲ್ಲ. ಅಲ್ಲಿ ಇಲ್ಲದಿರುವುದು ಅಡಮಾನ ಮತ್ತು ಮೂರನೆಯವರ ಹೊಣೆ ಮಾತ್ರ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಸುತ್ತ ಗೊಂದಲ ಇನ್ನಷ್ಟು ಬೆಳೆದಿದೆ. ಆಯ್ದ ಉನ್ನತ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗಬೇಕು ಎನ್ನುವುದು ಅದರ ಉದ್ದೇಶ. 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ, ಬಾಕಿ ಉಳಿದ ಮೊತ್ತದ ಶೇ 75ರಷ್ಟಕ್ಕೆ ಸರ್ಕಾರದ ಖಾತರಿ ಇದೆ. ಈ ಖಾತರಿ ಬ್ಯಾಂಕಿಗೆ ಕೊಟ್ಟದ್ದು, ವಿದ್ಯಾರ್ಥಿಗೆ ಅಲ್ಲ. ‘ಸರ್ಕಾರವೇ ಜಾಮೀನು ನಿಂತಿದೆ, ಕಟ್ಟದಿದ್ದರೂ ನಡೆಯುತ್ತದೆ’ ಎಂದು ಮಕ್ಕಳಿಗೆ ಹೇಳುವವರು ದಯವಿಟ್ಟು ನಿಲ್ಲಿಸಬೇಕು. ಸರ್ಕಾರ ಬ್ಯಾಂಕಿಗೆ ತುಂಬಿಕೊಟ್ಟ ಮಾತ್ರಕ್ಕೆ ವಿದ್ಯಾರ್ಥಿಯ ಸಾಲ ತೀರುವುದಿಲ್ಲ.

ನಿಜಕ್ಕೂ ಇನ್ನೊಬ್ಬರ ಸಹಿಯೇ ಬೇಡದ ಸಾಲಗಳೂ ಇವೆ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳು ತಮ್ಮ ಹೆಸರಿನಲ್ಲಿ ಪಡೆಯುವ ಫೆಡರಲ್ ಸಾಲಕ್ಕೆ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೆ, ಸಹ-ಸಹಿದಾರರು ಬೇಕಿಲ್ಲ, ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಆ ಸಾಲ ಸಿಗುವುದಿಲ್ಲ. ಅಂಥವರಿಗೆ ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್‌ನಂಥ ಸಂಸ್ಥೆಗಳು ಅಡಮಾನವಾಗಲಿ ಸಹ-ಸಾಲಗಾರರಾಗಲಿ ಇಲ್ಲದೆ ಸಾಲ ಕೊಡುತ್ತವೆ. ಅವು ನೋಡುವುದು ಕಾಲೇಜು, ಕೋರ್ಸು ಮತ್ತು ಮುಂದೆ ಬರಬಹುದಾದ ಸಂಬಳವನ್ನು. ಡಾಲರಿನಲ್ಲಿ ಪಡೆದ ಸಾಲವನ್ನು ಡಾಲರಿನಲ್ಲೇ ತೀರಿಸಬೇಕು. ಓದು ಮುಗಿಸಿ ಊರಿಗೆ ಮರಳಿ ರೂಪಾಯಿಯಲ್ಲಿ ದುಡಿಯುವವರಿಗೆ, ರೂಪಾಯಿ ಬೆಲೆ ಇಳಿದಷ್ಟೂ ಕಂತು ಏರುತ್ತದೆ.